ಅಜ್ಜನ ಹಾರ್ಮೋನಿಯಂ, ಮಗಳ ಕೀಬೋರ್ಡು

ಬಿಳಗಿಯ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಮರದ ವಸ್ತುಗಳೆಲ್ಲ ಉಬ್ಬಿಕೊಳ್ಳುತ್ತವೆ. ತೆರೆದ ಕಿಟಕಿ ಮುಚ್ಚದು, ಮುಚ್ಚಿದ್ದು ತೆರೆಯದು. ನಮ್ಮ ಚರ್ಚಿನ ಹಾರ್ಮೋನಿಯಮ್ಮಿನದೂ ಇದೇ ಪಾಡು. ಒತ್ತಿದ ಮನೆ (ಹಾರ್ಮೋನಿಯಂ ನುಡಿಸುವವರು ಕೀಲಿಗೆ ಹೀಗೆನ್ನುತ್ತಾರೆ) ಮೇಲೇಳದೆ, ಬಲಿಪೂಜೆಯ ನಡುವೆ ಒಂದೇ ಸ್ವರ ಗುಂಯ್‌ಗುಡುತ್ತಿರುತ್ತದೆ. ನಲವತ್ತು ವರ್ಷ ಅದನ್ನು ನುಡಿಸಿದ ಅಜ್ಜ ನಮಗೆ ರಕ್ತಸಂಬಂಧಿಯಲ್ಲ. ಇಡೀ ಧರ್ಮಕೇಂದ್ರಕ್ಕೇ ಅವರು ಅಜ್ಜ. ಎರಡು ವರ್ಷದ ಹಿಂದೆ ಒಂದು ಭಾನುವಾರ ನನ್ನನ್ನು ಹತ್ತಿರ ಕರೆದು, “ಈಗ ಮನೆ ಅಲ್ಲ ಮಾರಾಯ, ನನ್ನ ಬೆರಳೇ ಏಳ್ತಾ ಇಲ್ಲ. ನಿನ್ನ ಮಗಳಿಗೆ ಕಲಿಸು” ಎಂದರು.

ಕಲಿಸುವವರು ಯಾರು? ನಮ್ಮ ಸೀಮೆಯಲ್ಲಿ ಯಕ್ಷಗಾನಕ್ಕೆ, ಹಿಂದುಸ್ತಾನಿ ಗಾಯನಕ್ಕೆ ಗುರುಗಳಿದ್ದಾರೆ. ಎರಡೂ ಕೈಯಲ್ಲಿ ಪಿಯಾನೋ ಕಲಿಸುವವರು ನನಗೆ ಹತ್ತಿರದಲ್ಲಿ ಸಿಗಲಿಲ್ಲ. ಹದಿಮೂರರ ಮಗಳು, “ಪಪ್ಪಾ, ಕಂಪ್ಯೂಟರೇ ಕಲಿಸ್ತದೆ” ಎಂದಳು. ನಾನು ನಂಬಿ ಹುಬ್ಬಳ್ಳಿಗೆ ಹೋದೆ.

ಅಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಕೊಳ್ಳಬೇಕು. ಎಷ್ಟು ನಾದಗಳಿವೆ, ಎಷ್ಟು ತಾಳಗಳಿವೆ ಎಂದು ಎಣಿಸಿ ವಾದ್ಯ ಕೊಂಡೆ. ಗುಂಡಿ ಒತ್ತಿದರೆ ಡೋಲು, ತುತ್ತೂರಿ ಎಲ್ಲ ಒಟ್ಟಿಗೆ ಮೊಳಗುತ್ತಿದ್ದವು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ತನ್ನ ಪೂಜಾವಿಧಿಯ ಸಂವಿಧಾನದಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನ ಕೊಟ್ಟು, ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಅವಕಾಶವಿತ್ತಿದೆ, ನಿಜ. ಆದರೆ ಕಾಣಿಕೆಯ ಗೀತೆಗೆ ಮದುವೆ ಮೆರವಣಿಗೆಯ ತಾಳ ಹೊಡೆಯುವ ಗುಂಡಿ ಆ ಮಹನೀಯರ ಮನಸ್ಸಿನಲ್ಲಿ ಇದ್ದಿರಲಾರದು. ಮನೆಗೆ ತಂದ ಮೇಲೆ ಮಗಳು ಒಂದು ಮನೆಯನ್ನು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ, “ಹ್ಯಾಗೆ ಒತ್ತಿದ್ರೂ ಅಷ್ಟೇ ಸದ್ದು ಪಪ್ಪಾ” ಎಂದಳು.

ಹಾರ್ಮೋನಿಯಂ ಕೂಡ ಹಾಗೆಯೇ ಅಲ್ಲವೇ ಎಂದು ಅಜ್ಜನನ್ನು ಕೇಳಿದೆ. ಅವರು ನಕ್ಕರು. ಹಾರ್ಮೋನಿಯಮ್ಮಿನಲ್ಲಿ ಸದ್ದಿನ ಏರಿಳಿತ ತಿದಿ ಒತ್ತುವ ಎಡಗೈಯಲ್ಲಿರುತ್ತದೆ. ಪಿಯಾನೋದಲ್ಲಿ ತಿದಿ ಇಲ್ಲ, ಏರಿಳಿತವೆಲ್ಲ ಬೆರಳಿನದೇ. 1700ರ ಸುಮಾರಿಗೆ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಅದನ್ನು ರೂಪಿಸಿದ್ದೇ ಮೆಲುದನಿ, ಜೋರುದನಿ ಎರಡೂ ಬೆರಳಿಗೆ ದಕ್ಕಲೆಂದು. ಸ್ಪರ್ಶವನ್ನೇ ಅರಿಯದ ಕೀಬೋರ್ಡಿನಲ್ಲಿ ಕಲಿತವಳ ಬೆರಳು ಏನನ್ನು ಕಲಿತೀತು?

ಎರಡನೆಯ ಸಲ ಕೊಳ್ಳುವ ಮೊದಲು ಕೇಳಿ ತಿಳಿದುಕೊಂಡೆ. ಕೀಬೋರ್ಡು ಮತ್ತು ಕಂಪ್ಯೂಟರು ಮಾತಾಡುವ ಭಾಷೆಗೆ ‘ಮಿಡಿ’ ಎಂದು ಹೆಸರು. ನಮ್ಮ ಕಡೆ ಮಿಡಿ ಎಂದರೆ ಅಪ್ಪೆಮಿಡಿ! ಈ ಮಿಡಿ 1983ರಿಂದ ಬಳಕೆಯಲ್ಲಿದೆ. ಅದು ನಾದವನ್ನು ಸಾಗಿಸುವುದಿಲ್ಲ. ಯಾವ ಮನೆ, ಯಾವಾಗ, ಎಷ್ಟು ರಭಸದಿಂದ ಒತ್ತಲ್ಪಟ್ಟಿತು ಎಂಬ ಸುದ್ದಿಯನ್ನಷ್ಟೇ ಸಾಗಿಸುತ್ತದೆ. ರಭಸಕ್ಕೆ 1ರಿಂದ 127ರವರೆಗೆ ಅಂಕೆ. ಸ್ಪರ್ಶ ತಿಳಿಯದ ಕೀಬೋರ್ಡು ಸದಾ ಒಂದೇ ಅಂಕೆ ಕಳಿಸುತ್ತದೆ. ನಾನು ಮೊದಲು ತಂದದ್ದರಲ್ಲಿ ಕಂಪ್ಯೂಟರಿಗೆ ಜೋಡಿಸುವ ರಂಧ್ರವೇ ಇರಲಿಲ್ಲ, ಆ ಮಾತು ಬೇರೆ.

ಪಿಯಾನೋಕ್ಕೆ 88 ಮನೆಗಳು. ಅಷ್ಟೂ ಇರುವ, ಒತ್ತಿದರೆ ಭಾರ ಕೊಡುವ ಡಿಜಿಟಲ್ ಪಿಯಾನೋ ಉತ್ತಮ. ಅದರ ಬೆಲೆಗೆ ಸಾಧಾರಣ ಕೀಬೋರ್ಡು ಎರಡು ಮೂರು ಬರುತ್ತವೆ. ಕೊಳೆರೋಗ ಬಂದ ವರ್ಷ ಅಡಕೆ ಬೆಳೆಗಾರನ ಕೈಗೆ ಅದು ಎಟುಕದು. ನಾಲ್ಕು ಧ್ವನಿಯ ಕೀರ್ತನೆಗಳಿಗೆ 61 ಮನೆ ಧಾರಾಳ ಸಾಕು. ಮನೆಗಳು ಪೂರ್ಣ ಅಗಲದವಾಗಿರಬೇಕು, ಸ್ಪರ್ಶ ತಿಳಿಯಬೇಕು, ಕಾಲಿನ ಪೆಡಲು ಜೋಡಿಸಲು ಬರಬೇಕು. ಸ್ವಂತ ಸ್ಪೀಕರು ಬೇಕೇ ಬೇಕು. ಬರಿದೆ ಸುದ್ದಿ ಕಳಿಸುವ ಅಗ್ಗದ ಕೀಬೋರ್ಡುಗಳು ಕಂಪ್ಯೂಟರು ಆರಿದರೆ ಮೂಕ ಹಲಗೆ. ಅಲ್ಲದೆ ಕಂಪ್ಯೂಟರಿನಿಂದ ನಾದ ಹೊರಡಿಸುವಾಗ ಒತ್ತಿದ್ದಕ್ಕೂ ಕೇಳಿಸುವುದಕ್ಕೂ ನಡುವೆ ತುಸು ವಿಳಂಬವಾಗಿ ಬೆರಳು ಎಡವುತ್ತದೆ. ನಾವು ಆರಿಸಿದ್ದು ಆರು ಸೆಲ್ಲಿನ ಮೇಲೂ ನಡೆಯುತ್ತಿತ್ತು; ನಮ್ಮ ಕರೆಂಟಿನ ಕತೆ ಬಲ್ಲವರಿಗೆ ಇದರ ಬೆಲೆ ಗೊತ್ತು.

ತಂತ್ರಾಂಶದ ವಿಷಯದಲ್ಲೂ ಒಮ್ಮೆ ಎಡವಿದೆವು. ಪರದೆಯ ಮೇಲಿನಿಂದ ಬಣ್ಣದ ಪಟ್ಟಿಗಳು ಇಳಿದು ಬರುತ್ತವೆ. ಯಾವ ಮನೆಯ ಮೇಲೆ ಬೀಳುತ್ತದೋ ಅದನ್ನು ಒತ್ತಬೇಕು. ಮೂರು ವಾರದಲ್ಲಿ ಆರು ಹಾಡು ಬಂದವು, ಮನೆಮಂದಿ ಹಿಗ್ಗಿದೆವು. ಅಜ್ಜ ಗೋವೆಯ ಚರ್ಚಿನ ಶಾಲೆಯಲ್ಲಿ ಐದು ಗೆರೆಯ ಸ್ವರಲಿಪಿ ಕಲಿತವರು. ತಮ್ಮ ಕೈಬರಹದ ಹಾಳೆಯೊಂದನ್ನು ಅವಳ ಮುಂದಿಟ್ಟರು. ಅವಳು ಆ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಸ್ವರವನ್ನೂ ಓದಲು ಬರಲಿಲ್ಲ.

ಆಮೇಲೆ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆವು. ಅದು ಪಾಠ ಹೇಳುವುದಿಲ್ಲ. ಬರೆದ ಸ್ವರಲಿಪಿಯನ್ನು ನುಡಿಸಿ ತೋರಿಸುತ್ತದೆ. ಅಜ್ಜನ ಹಾಳೆಗಳನ್ನು ಮಗಳೇ ಒಂದೊಂದಾಗಿ ಅದರಲ್ಲಿ ಬರೆದಳು, ಬರೆಯುತ್ತ ಓದಲು ಕಲಿತಳು. ವೇಗ ತಗ್ಗಿಸಿ, ಎಡಗೈಯ ಸಾಲನ್ನು ಅದಕ್ಕೆ ಬಿಟ್ಟು ಬಲಗೈ ತಾನು ನುಡಿಸುವಳು, ಮರುದಿನ ಅದಲುಬದಲು. ಮಣಿಕಟ್ಟು ಕುಸಿದಿದೆ, ಹೆಬ್ಬೆರಳು ತಪ್ಪು ಕಡೆ ಹೋಯಿತು ಎಂಬುದು ಮಾತ್ರ ನಮ್ಮ ಕಂಪ್ಯೂಟರಿಗೆ ಕಾಣದು. ಅದಕ್ಕೆ ಶನಿವಾರ ಸಂಜೆ ಅಜ್ಜ ಬರುತ್ತಿದ್ದರು.

ಅವರು ಕಂಡುಹಿಡಿದ ದೊಡ್ಡ ದೋಷ ಬೇರೆಯೇ. ಯಂತ್ರದೊಂದಿಗೆ ನುಡಿಸಿ ಅಭ್ಯಾಸವಾದವಳು ಸಾಲಿನ ಕೊನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. “ಜನ ಉಸಿರು ತಕ್ಕೊಳ್ಬೇಕು ಮಗಾ. ಮುದುಕರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು” ಎಂದು, ಪಕ್ಕದಲ್ಲಿ ಕೂತು ತಾವೇ ಗಟ್ಟಿಯಾಗಿ ಉಸಿರೆಳೆದು ತೋರಿಸುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವಳು ಮೊದಲ ಸಲ ಒಬ್ಬಳೇ ಬಲಿಪೂಜೆಗೆ ನುಡಿಸಿದಳು. ಅಜ್ಜ ಎರಡನೆಯ ಬೆಂಚಿನಲ್ಲಿದ್ದರು. ಪ್ರವೇಶಗೀತೆಯ ಎರಡನೆಯ ಚರಣದಲ್ಲಿ ಕರೆಂಟು ಹೋಯಿತು. ಸೆಲ್ ಹಾಕುವುದನ್ನು ನಾನು ಮರೆತಿದ್ದೆ. ಜನ ಹಾಡು ನಿಲ್ಲಿಸಲಿಲ್ಲ. ಮಗಳೂ ಕೈ ಎತ್ತಲಿಲ್ಲ. ಸದ್ದಿಲ್ಲದ ಮನೆಗಳ ಮೇಲೆ ಅವಳ ಬೆರಳುಗಳು ಕೊನೆಯ ಸಾಲಿನವರೆಗೂ ಓಡಾಡಿದವು. ಯಾಕೆಂದು ಆಮೇಲೆ ಕೇಳಿದರೆ, “ಅವರೆಲ್ಲ ಹಾಡ್ತಾ ಇದ್ರಲ್ಲ ಪಪ್ಪಾ” ಎಂದಳು.

ಹೊರಗೆ ಅಜ್ಜ ಕೊಡೆ ಬಿಚ್ಚುತ್ತ ಅವಳಿಗೆ, “ಸಾಲು ಮುಗಿದಲ್ಲಿ ಸರಿಯಾಗಿ ನಿಂತೆ, ನೋಡ್ತಾ ಇದ್ದೆ” ಎಂದರು. ನನಗೆ ಏನೂ ಹೇಳಲಿಲ್ಲ. ಸೋಮವಾರ ಸಿದ್ದಾಪುರದ ಪೇಟೆಯಲ್ಲಿ ಹನ್ನೆರಡು ಸೆಲ್ ಕೊಂಡೆ. ಆರು ಹಾಕಲು, ಆರು ಚೀಲದಲ್ಲಿಡಲು.