ನಮ್ಮ ಮಿಲ್ಟ್ರಿ ಕಾಕಾ

ನಮ್ಮ ಮನೆತನದ ಹಿರಿಯರೂ, ಊರವರೆಲ್ಲರ ಬಾಯಲ್ಲಿ 'ಮಿಲ್ಟ್ರಿ ಕಾಕಾ' ಎಂದೇ ಹೆಸರಾದವರೂ ಆಗಿದ್ದ ನಮ್ಮ ಚಿಕ್ಕಪ್ಪನವರು ೨೦೨೩ರ ಶ್ರಾವಣದಲ್ಲಿ, ತಮ್ಮ ೭೯ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರು ದೊಡ್ಡ ಅಧಿಕಾರಿಗಳಾಗಿರಲಿಲ್ಲ, ಹವಾಲ್ದಾರರಾಗಿ ನಿವೃತ್ತರಾದವರು. ಅವರ ಹೆಸರಿನಲ್ಲಿ ಯಾವ ರಸ್ತೆಯೂ ಇಲ್ಲ, ಪುತ್ಥಳಿಯೂ ಇಲ್ಲ. ಆದರೆ ಬೈಲಹೊಂಗಲ ಸೀಮೆಯ ನಮ್ಮ ಸಣ್ಣ ಊರಿನಲ್ಲಿ ಅವರ ಕೈ ತಗಲದ ಕೆಲಸವನ್ನು ಹುಡುಕಬೇಕಾಗುತ್ತದೆ. ಇಂಥವರ ಬಗೆಗೆ ಬರೆಯುವವರು ಕಡಿಮೆ. ಆದ್ದರಿಂದ ನಮಗೆ ತಿಳಿದಷ್ಟನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

೧೯೬೨ರ ಚೀನಾ ಯುದ್ಧದ ತರುವಾಯ ನಮ್ಮ ಸೈನ್ಯವನ್ನು ಹಿಗ್ಗಿಸುವ ಕಾರ್ಯ ಭರದಿಂದ ಸಾಗಿತ್ತು. ಆಗ ಹತ್ತೊಂಬತ್ತರ ಹರೆಯದಲ್ಲಿದ್ದ ಕಾಕಾ ೧೯೬೩ರಲ್ಲಿ ಮನೆಯವರಿಗೆ ಹೇಳದೆ ಭರ್ತಿಯಾದರು. ನಮ್ಮ ಕಡೆಯ ಹುಡುಗರು ಸಾಮಾನ್ಯವಾಗಿ ಬೆಳಗಾವಿಯ ಮರಾಠಾ ಲಘು ಪದಾತಿ ದಳವನ್ನು ಸೇರುವುದು ರೂಢಿ. ಇವರು ಮಾತ್ರ ಬೆಂಗಳೂರಿನ ಹಲಸೂರು ಕೆರೆಯ ಬದಿಯ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದರು. ೧೭೮೦ರಲ್ಲಿ ಹುಟ್ಟಿದ ಹಳೆಯ ಪಡೆ ಅದು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೀರು ಹುಡುಕುವುದು, ವೈರಿ ಹೂತಿಟ್ಟ ನೆಲಬಾಂಬುಗಳನ್ನು ತೆಗೆಯುವುದು ಆ ಪಡೆಯವರ ಕೆಲಸ. ಸೈನ್ಯದಲ್ಲೆಲ್ಲ ಅವರನ್ನು 'ತಂಬಿ' ಎಂದು ಕರೆಯುತ್ತಾರಂತೆ. ಕಾಕಾ ಅಲ್ಲಿ ತಮಿಳು ಕಲಿತರು. ಊರಿಗೆ ಬಂದ ಮೇಲೂ ಎತ್ತುಗಳು ಮೊಂಡು ಹಿಡಿದಾಗ ತಮಿಳಿನಲ್ಲಿಯೇ ಬೈಯುತ್ತಿದ್ದರು. ಎತ್ತುಗಳಿಗೆ ಅದು ತಿಳಿಯುತ್ತಿತ್ತೋ ಏನೋ, ನಮಗಂತೂ ತಿಳಿಯುತ್ತಿರಲಿಲ್ಲ.

೧೯೬೬ರಲ್ಲಿ ನಮ್ಮ ತಂದೆಯವರು ಜ್ವರದಿಂದ ತೀರಿಕೊಂಡರು. ಅಕ್ಕನಿಗೆ ಒಂಬತ್ತು ವರ್ಷ, ನಮಗೆ ಆರು, ತಮ್ಮನಿಗೆ ಎರಡು. ಮಳೆಯನ್ನೇ ನಂಬಿದ ಐದೆಕರೆ ಹೊಲ. ರಜೆಯ ಮೇಲೆ ಬಂದ ಕಾಕಾ ಹೆಚ್ಚು ಮಾತನಾಡಲಿಲ್ಲ. ಅತ್ತಿಗೆಯನ್ನು ಅವರು ಮೊದಲಿನಿಂದಲೂ 'ಯವ್ವಾ' ಎಂದೇ ಕರೆಯುತ್ತಿದ್ದವರು. "ಯವ್ವಾ, ಹೊಲಾ ಮಾರಬ್ಯಾಡ. ಸಾಲಿ ಬಿಡಿಸಬ್ಯಾಡ" ಎಂದಷ್ಟೇ ಹೇಳಿ ಹೊರಟುಹೋದರು. ಮುಂದಿನ ತಿಂಗಳಿಂದ ಮನಿಆರ್ಡರು ಬರತೊಡಗಿತು. ಆಮೇಲೆ ಹದಿನೈದು ವರ್ಷ ಅದು ತಪ್ಪಿದ್ದು ಒಂದೇ ಒಂದು ಬಾರಿ. ಮನಿಆರ್ಡರಿನ ಅಡಿಯ ಚೀಟಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತಷ್ಟೆ. ಅದರಲ್ಲಿ ತಮ್ಮ ಕ್ಷೇಮ ಒಂದು ಶಬ್ದದಲ್ಲಿ ಮುಗಿಯುತ್ತಿತ್ತು. ಉಳಿದುದೆಲ್ಲ ನಮ್ಮ ಪರೀಕ್ಷೆಯ ಅಂಕಗಳ ವಿಚಾರಣೆ. ಅವ್ವ ಆ ಚೀಟಿಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಇಂದಿಗೂ ಅವು ನಮ್ಮಲ್ಲಿವೆ.

ತಪ್ಪಿದ ಆ ಒಂದು ತಿಂಗಳು ೧೯೭೧ರ ಡಿಸೆಂಬರ. ಮೂರನೆಯ ತಾರೀಖಿಗೆ ಯುದ್ಧ ಆರಂಭವಾಯಿತು. ಊರಲ್ಲಿದ್ದ ಒಂದೇ ರೇಡಿಯೋದ ಮುಂದೆ ಸಂಜೆ ಜನ ಕೂಡುತ್ತಿದ್ದರು. ಅವ್ವ ಅತ್ತ ಸುಳಿಯುತ್ತಿರಲಿಲ್ಲ. ಹದಿನಾರಕ್ಕೆ ಢಾಕಾದಲ್ಲಿ ವೈರಿಗಳು ಶರಣಾದರೆಂದು ಊರಲ್ಲಿ ಪೇಢೆ ಹಂಚಿದರು. ನಮ್ಮ ಮನೆಯಲ್ಲಿ ಯಾರೂ ಪೇಢೆ ತಿನ್ನಲಿಲ್ಲ. ಕಾಕಾ ಇದ್ದುದು ಪೂರ್ವದ ಗಡಿಯಲ್ಲಲ್ಲ, ಪಶ್ಚಿಮದಲ್ಲಿ. ಜನವರಿಯ ಕೊನೆಯ ವಾರ ಟಪಾಲಿನವನು ಎರಡು ತಿಂಗಳ ಹಣವನ್ನು ಒಟ್ಟಿಗೆ ತಂದ. ಚೀಟಿಯಲ್ಲಿ ಎಂದಿನಂತೆ 'ಕ್ಷೇಮ' ಎಂದಿತ್ತು. ತಮ್ಮನ ಕನ್ನಡ ಬರವಣಿಗೆ ಸುಧಾರಿಸಿದೆಯೇ ಎಂದು ಕೇಳಿದ್ದರು.

ಅವರು ಎಲ್ಲಿದ್ದರೆಂಬುದು ನಮಗೆ ತಿಳಿದುದು ಎಷ್ಟೋ ವರ್ಷಗಳ ತರುವಾಯ. ಶಕರಗಢ ವಿಭಾಗದಲ್ಲಿ ಬಸಂತರ ಎಂಬ ನದಿಯಿದೆ. ಅದರ ಆಸುಪಾಸಿನ ನೆಲದ ತುಂಬ ವೈರಿಗಳು ಬಾಂಬು ಹೂತಿದ್ದರು. ಡಿಸೆಂಬರ ೧೫ರ ರಾತ್ರಿ ನಮ್ಮ ಎಂಜಿನಿಯರ್ ಪಡೆಯವರು ಆ ನೆಲದಲ್ಲಿ ಟ್ಯಾಂಕುಗಳಿಗಾಗಿ ಓಣಿ ತೆರೆಯುತ್ತಿದ್ದರು. ಓಣಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸ್ ದಳದ ಟ್ಯಾಂಕುಗಳು ಒಳಗೆ ನುಗ್ಗಬೇಕಾಯಿತು. ಮರುದಿನ ಅಲ್ಲಿಯೇ ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ ಖೇತ್ರಪಾಲರು ವೀರಮರಣವನ್ನಪ್ಪಿದರು. ಅವರಿಗೆ ಪರಮವೀರಚಕ್ರ ಸಂದಿತು. ಅವರ ಕಥೆಯನ್ನು ನಾಡೆಲ್ಲ ಬಲ್ಲದು. ಆ ಟ್ಯಾಂಕುಗಳು ಹಾದುಹೋದ ನೆಲವನ್ನು ಹೊಟ್ಟೆಯ ಮೇಲೆ ತೆವಳುತ್ತ ಕಡ್ಡಿಯಿಂದ ಕೆದಕಿದವರಲ್ಲಿ ಕಾಕಾ ಒಬ್ಬರು. "ಕಡ್ಡಿ ಓರೆಯಾಗಿ ಇಳಿಸಬೇಕು. ಬದಿಗೆ ತಾಗಬೇಕು, ತಲಿಗೆ ತಾಗಬಾರದು. ಆಮ್ಯಾಲ ಬಿಳೀ ಪಟ್ಟಿ ಹಾಸಿ ಮುಂದಿನವಗ ದಾರಿ ತೋರಸಬೇಕು" - ಇಷ್ಟನ್ನೇ, ಅದೂ ಎರಡು ಸಲ ಮಾತ್ರ, ನಾವು ಅವರ ಬಾಯಿಂದ ಕೇಳಿದ್ದು. ಎಡಗಿವಿ ಆ ರಾತ್ರಿಯಿಂದ ಕೇಳುತ್ತಿರಲಿಲ್ಲ. ಕೊರಳಲ್ಲಿದ್ದ ಕರಡಿಗೆಯನ್ನು ಅಂಗಿಯೊಳಗೆ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡಿದ್ದರೆಂದು ಕಾಕಿ ಹೇಳಿದ್ದುಂಟು. ತೆವಳುವಾಗ ನೆಲಕ್ಕೆ ತಾಗಬಾರದೆಂದು.

೧೯೭೪ರಲ್ಲಿ ಅವರ ಲಗ್ನವಾಯಿತು. ಬೆಂಗಳೂರಿನಲ್ಲಿ ಸಂಸಾರಕ್ಕೆ ಮನೆ ದೊರೆಯುವಂತಿದ್ದರೂ ಅತ್ತಿಗೆ ಒಬ್ಬಳೇ ಆಗುವಳೆಂದು ಕಾಕಿಯನ್ನು ಊರಲ್ಲಿಯೇ ಬಿಟ್ಟರು. ವರ್ಷಕ್ಕೆ ಎರಡು ತಿಂಗಳು ಮಾತ್ರ ಗಂಡನ ಮುಖ ಕಾಣುತ್ತ ಕಾಕಿ ಏಳು ವರ್ಷ ಕಳೆದಳು. ೧೯೭೮ರಲ್ಲಿ ಅಕ್ಕನ ಲಗ್ನ ಗೊತ್ತಾದಾಗ ಹಣ ಸಾಲದೆ ಕಾಕಿಯ ಬಂಗಾರದ ಪಾಟಲಿಗಳು ಒತ್ತೆ ಹೋದವು, ಬಿಡಿಸಿಕೊಳ್ಳಲಾಗದೆ ಮುಳುಗಿದವು. ಕಾಕಾ ಅವರ ತ್ಯಾಗವನ್ನು ಊರು ಹೊಗಳುವಾಗ ನಮಗೆ ಈ ಪಾಟಲಿಗಳು ನೆನಪಾಗುತ್ತವೆ. ಮನೆಗಾಗಿ ದುಡಿದವರು ಒಬ್ಬರಲ್ಲ, ಇಬ್ಬರು.

೧೯೮೧ರಲ್ಲಿ ಹದಿನೆಂಟು ವರ್ಷದ ಸೇವೆ ಮುಗಿಸಿ, ಒಂದು ಕಬ್ಬಿಣದ ಟ್ರಂಕಿನೊಡನೆ ಊರಿಗೆ ಮರಳಿದರು. ವಯಸ್ಸು ಮೂವತ್ತೇಳು. ನಮ್ಮ ಊರಿಗೂ ಹೈಸ್ಕೂಲಿರುವ ಊರಿಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಮಕ್ಕಳ ಸಾಲಿ ವಾರಗಟ್ಟಲೆ ನಿಲ್ಲುತ್ತಿತ್ತು. ೧೯೮೩ರ ಬೇಸಿಗೆಯಲ್ಲಿ ಅವರು ಊರ ಹುಡುಗರನ್ನು ಕೂಡಿಸಿ ಅದಕ್ಕೊಂದು ಕಾಲುಸೇತುವೆ ಕಟ್ಟಲು ಹೊರಟರು. ಹಳ್ಳದ ಅಗಲವನ್ನು ಅವರು ದಾಟದೆಯೇ ಅಳೆದ ಬಗೆ ನಮಗೆ ಚೆನ್ನಾಗಿ ನೆನಪಿದೆ. ಆಚೆಯ ದಡದ ಒಂದು ಜಾಲಿಗಿಡಕ್ಕೆ ನೇರವಾಗಿ ಈಚೆ ದಡದಲ್ಲಿ ಗೂಟ ನೆಟ್ಟರು. ದಡಗುಂಟ ಇಪ್ಪತ್ತು ಹೆಜ್ಜೆ ನಡೆದು ಎರಡನೆಯ ಗೂಟ. ಮತ್ತೆ ಇಪ್ಪತ್ತು ಹೆಜ್ಜೆ ನಡೆದು ಮೂರನೆಯದು. ಅಲ್ಲಿಂದ ಹಳ್ಳಕ್ಕೆ ಬೆನ್ನು ಮಾಡಿ ನೇರವಾಗಿ ಹೊಲದೊಳಗೆ ನಡೆಯುತ್ತ, ಹೊರಳಿ ನೋಡಿದಾಗ ನಡುವಿನ ಗೂಟವೂ ಆ ಜಾಲಿಗಿಡವೂ ಒಂದೇ ಗೆರೆಯಲ್ಲಿ ಬಂದ ಕಡೆ ನಿಂತರು. ಹೊಲದೊಳಗೆ ನಡೆದ ಹೆಜ್ಜೆಗಳೆಷ್ಟೋ ಹಳ್ಳದ ಅಗಲ ಅಷ್ಟು. ಹಗ್ಗ ಹಿಡಿದು ಈಜಲು ಸಿದ್ಧನಾಗಿದ್ದ ಹುಡುಗನೊಬ್ಬನಿಗೆ ನಿರಾಶೆಯಾಯಿತು. ಊರ ಸಾಲಿಯ ಮಾಸ್ತರರು ಮರುದಿನ ಮಕ್ಕಳನ್ನೆಲ್ಲ ಕರೆತಂದು, ಪುಸ್ತಕದಲ್ಲಿರುವ ತ್ರಿಕೋನಗಳು ಇವೇ ಎಂದು ತೋರಿಸಿದರು. ಎರಡು ಕಲ್ಲಿನ ಕಟ್ಟೆಗಳ ಮೇಲೆ ಮರದ ತೊಲೆ ಹಾಕಿದ ಆ ಸಂಕ, ಸರಕಾರದ ಸಿಮೆಂಟಿನ ಸೇತುವೆಯಾಗುವವರೆಗೆ ಊರನ್ನು ದಾಟಿಸಿತು.

ಮುಂದೆ ೧೯೮೭ರ ಜನವರಿಯಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ೧೯೮೩ರ ಕಾಯಿದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ರೂಪುಗೊಂಡುದನ್ನೂ, ಅವುಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುದನ್ನೂ ಹಿರಿಯ ಓದುಗರು ಬಲ್ಲರು. ಆ ಖಾತೆಯ ಮಂತ್ರಿಗಳಾಗಿದ್ದ ಅಬ್ದುಲ್ ನಜೀರಸಾಬರನ್ನು ಜನ 'ನೀರಸಾಬ' ಎಂದು ಕರೆದರು. ಹಳ್ಳಿಹಳ್ಳಿಗೆ ಬೋರಿಂಗು ಹಾಕಿಸಿದ ಪುಣ್ಯಾತ್ಮರು. ಕಾಕಾ ಮಂಡಲದ ಸದಸ್ಯರಾಗಿ ಆರಿಸಿ ಬಂದರು. ಅದೇ ವರ್ಷ ಭೀಕರ ಬರಗಾಲ. ಊರ ದೊಡ್ಡ ಭಾವಿ ತಳ ಕಂಡಿತು. ನಮ್ಮ ಓಣಿಯ ಹೆಣ್ಣುಮಕ್ಕಳು ಒಂದೂವರೆ ಮೈಲು ದೂರದ ತೋಟದ ಭಾವಿಯಿಂದ ನೀರು ಹೊರತೊಡಗಿದರು.

ನಮ್ಮ ಭಾಗಕ್ಕೆ ಒಂದೇ ಒಂದು ಬೋರಿಂಗು ಮಂಜೂರಾಯಿತು. ನೆಲ ಪರೀಕ್ಷಿಸಿದವರು ಎರಡು ಕಡೆ ನೀರಿದೆಯೆಂದು ಗುರುತು ಹಾಕಿದರು: ಒಂದು ನಮ್ಮ ಓಣಿಯ ಬಾಯಲ್ಲಿ, ನಮ್ಮ ಮನೆಯ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ; ಇನ್ನೊಂದು ದಲಿತರ ಕೇರಿಯಲ್ಲಿ. ಓಣಿಯ ಹಿರಿಯರಿಗೆ ಸಂಶಯವೇ ಇರಲಿಲ್ಲ. ಕಾಯಿ, ಊದಿನಕಡ್ಡಿ ಸಿದ್ಧಮಾಡಿಕೊಂಡಿದ್ದರು. ಕಾಕಾ ಸಭೆಯಲ್ಲಿ ಕೇರಿಯ ಜಾಗವನ್ನು ಸೂಚಿಸಿ ಬಂದರು.

ಆ ರಾತ್ರಿ ನಮ್ಮ ಪಡಸಾಲೆಯಲ್ಲಿ ನಡೆದ ಮಾತುಕತೆ ಇನ್ನೂ ಕಿವಿಯಲ್ಲಿದೆ. ಅವ್ವ ಕಟುವಾಗಿ ಕೇಳಿದಳು: "ಹದಿನೆಂಟು ವರ್ಸಾ ದೇಶಾ ಕಾದಿ. ಮನೀ ಕಾಯಾಕ ಬರಲಿಲ್ಲೇನು ನಿನಗ?" ಕಾಕಾ ತಲೆಯೆತ್ತದೆ, "ಯವ್ವಾ, ನಮ್ಮ ಹೆಣ್ಮಕ್ಕಳಿಗೆ ಭಾವಿ ದೂರ ಐತಿ. ಅವರಿಗೆ ಭಾವೀನ ಇಲ್ಲ" ಎಂದರು. ಸಂಗತಿ ಹಾಗೆಯೇ ಇತ್ತು. ಕೇರಿಯ ಹೆಂಗಸರು ಊರ ಭಾವಿಯ ಕಟ್ಟೆಯ ಕೆಳಗೆ ಕೊಡವಿಟ್ಟುಕೊಂಡು, ಯಾರಾದರೂ ಸೇದಿ ಹಾಕುವ ತನಕ ಕಾಯಬೇಕಾಗಿತ್ತು. ಆ ಭಾವಿಯೂ ಬತ್ತಿದ ಮೇಲೆ ತೋಟದ ಭಾವಿಗೆ ಅವರನ್ನು ಬಿಡುವವರಿರಲಿಲ್ಲ. ಮನೆಯಲ್ಲಿ ವಿಭೂತಿ ಧರಿಸಿ ಶರಣರ ಸಮತೆಯನ್ನು ಕೊಂಡಾಡುವ ನಾವು ಭಾವಿಯ ಕಟ್ಟೆಯ ಮೇಲೆ ಅದನ್ನು ಮರೆಯುತ್ತಿದ್ದ ಕಾಲ ಅದು. ಪೂರ್ತಿ ಹೋಗಿದೆಯೆಂದು ಇಂದು ಹೇಳಬಲ್ಲವರೂ ವಿರಳ. ಅವ್ವ ಹದಿನೈದು ದಿನ ಮೈದುನನೊಡನೆ ಮಾತನಾಡಲಿಲ್ಲ. ರೊಟ್ಟಿ ಬಡಿದು ತಾಟಿನಲ್ಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಓಣಿಯ ಕೆಲವರು ವರ್ಷಗಟ್ಟಲೆ ಮಾತು ಬಿಟ್ಟರು.

ಕೇರಿಯಲ್ಲಿ ಬೋರಿಂಗು ಬಿತ್ತು, ನೀರೂ ಬಂತು. ನಮ್ಮ ಓಣಿಯ ಪಾಳಿ ಮಾತ್ರ ಆ ಅವಧಿಯಲ್ಲಿ ಬರಲೇ ಇಲ್ಲ. ೧೯೮೮ರಲ್ಲಿ ನಜೀರಸಾಬರು ತೀರಿಕೊಂಡರು. ೧೯೯೨ರ ಹೊತ್ತಿಗೆ ಮಂಡಲಗಳ ಅವಧಿಯೂ ಮುಗಿಯಿತು. ಕಾಕಾ ಪ್ರತಿದಿನ ನಸುಕಿನ ನಾಲ್ಕಕ್ಕೆದ್ದು ಸೈಕಲ್ಲಿನ ಎರಡೂ ಬದಿಗೆ ಕೊಡ ಕಟ್ಟಿಕೊಂಡು ಎರಡು ಸರತಿ ನೀರು ತರುತ್ತಿದ್ದರು. ಉಳಿದುದು ಕಾಕಿಯ ಪಾಲು. ಈಚೆಗೆ ನಾವು ಆಕೆಯನ್ನು ಕೇಳಿದೆವು, ಆಗ ಸಿಟ್ಟು ಬರಲಿಲ್ಲವೇ ಎಂದು. "ಬರೂದಿಲ್ಲೇನು? ಕೊಡಾ ಹೊತ್ತಾಗೆಲ್ಲಾ ಬರ್ತಿತ್ತು. ಇಳಿಸಿದ ಮ್ಯಾಲ ಹೋಗ್ತಿತ್ತು" ಎಂದಳು.

೧೯೯೩ರ ಹೊಸ ಪಂಚಾಯತ್ ಕಾಯಿದೆಯಂತೆ ಮೂರರಲ್ಲೊಂದು ಪಾಲು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಅದೇ ಡಿಸೆಂಬರದ ಚುನಾವಣೆಗೆ ನಮ್ಮ ಭಾಗ ಮಹಿಳಾ ಸ್ಥಾನವಾಯಿತು. ಹಿರಿಯರು ಬಂದು, "ಹೆಸರು ಅವರದು ಇರಲಿ, ಕೆಲಸ ನೀವ ನೋಡಿದರಾತು" ಎಂದು ಕಾಕಾ ಅವರಿಗೆ ಹೇಳಿದರು. "ನಿಲ್ಲೂದು ಬಿಡೂದು ಆಕೀನ ಕೇಳ್ರಿ. ನಿಂತರ ಕೆಲಸಾನೂ ಆಕೀನ ಮಾಡ್ತಾಳ" ಎಂಬ ಉತ್ತರ ಬಂತು. ಕಾಕಿ ನಾಲ್ಕನೆಯ ಇಯತ್ತೆ ಓದಿದವಳು. ಯೋಚಿಸಲು ಎರಡು ದಿನ ಕೇಳಿ, ನಿಂತಳು, ಗೆದ್ದಳು. ಕೇರಿಯ ಮತಗಳು ಒಂದೂ ಬಿಡದೆ ಆಕೆಗೆ ಬಿದ್ದವೆಂದು ಊರು ಆಡಿಕೊಂಡಿತು. ಐದು ವರ್ಷ ಕಾಕಾ ಪಂಚಾಯತಿ ಕಚೇರಿಯ ಹೊಸ್ತಿಲು ತುಳಿಯಲಿಲ್ಲ. ಸಭೆಯ ದಿನ ಸೈಕಲ್ ಮೇಲೆ ಕಾಕಿಯನ್ನು ಬಾಗಿಲವರೆಗೆ ಬಿಟ್ಟು, ಬೇವಿನ ಗಿಡದ ಕೆಳಗೆ ಪೇಪರು ಓದುತ್ತ ಕೂಡುತ್ತಿದ್ದರು. ಇದನ್ನು ಕಂಡು ನಕ್ಕವರೂ ಇದ್ದರು. ೧೯೯೬ರಲ್ಲಿ ಊರಿಗೆ ನೀರಿನ ಟಾಕಿ, ಓಣಿಓಣಿಗೆ ನಳ ಬಂದವು. ನಮ್ಮ ಓಣಿಯ ನಳದಿಂದ ಮೊದಲ ಕೊಡ ತುಂಬಿಕೊಂಡವಳು ಅವ್ವ.

ಪಂಚಾಯತಿ ಬಿಟ್ಟ ಮೇಲೂ ಕಾಕಾ ಬಿಡುವಾಗಿರಲಿಲ್ಲ. ಸುತ್ತಲಿನ ಹತ್ತೂರಿನ ಮಾಜಿ ಸೈನಿಕರ, ಅವರ ವಿಧವೆಯರ ಪಿಂಚಣಿಯ ಕಾಗದಗಳೆಲ್ಲ ನಮ್ಮ ಪಡಸಾಲೆಗೆ ಬರುತ್ತಿದ್ದವು. ಡಿಸ್ಚಾರ್ಜ್ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಬಗೆ ಇದ್ದರೆ ಸಾಕು, ಬಡವೆಯ ಪಿಂಚಣಿ ವರ್ಷಗಟ್ಟಲೆ ನಿಲ್ಲುತ್ತದೆ. ಒಬ್ಬ ಸೈನಿಕನ ವಿಧವೆಗಾಗಿ ಒಂದು ಕಚೇರಿಗೆ ಅವರು ಮೂರು ವರ್ಷ ಅಲೆದರು. ಚಹಾದ ರೊಕ್ಕ ಕೇಳಿದ ಗುಮಾಸ್ತನಿಗೆ ಚಹಾವನ್ನೇ ತರಿಸಿಕೊಟ್ಟು ಎದುರು ಕುಳಿತು ಕುಡಿಸಿ ಬಂದರಂತೆ. ಕೆಲಸ ಕೊನೆಗೆ ಆಯಿತು.

'ಸಮಾನ ಹುದ್ದೆಗೆ ಸಮಾನ ಪಿಂಚಣಿ' ಎಂಬ ಮಾಜಿ ಸೈನಿಕರ ಬಹುದಿನದ ಬೇಡಿಕೆಯನ್ನು ಕೇಂದ್ರ ಸರಕಾರ ೨೦೧೫ರಲ್ಲಿ ಒಪ್ಪಿ, ೨೦೧೪ರ ಜುಲೈ ಒಂದರಿಂದ ಅನ್ವಯಿಸಿತು. ಬಾಕಿಯ ಹಣ ಕಂತುಕಂತಾಗಿ ಬಂತು. ಅದನ್ನು ಸಾಲಿಗೆ ಕೊಡುವರೆಂದೋ ಮಠದ ದಾಸೋಹಕ್ಕೆ ಅರ್ಪಿಸುವರೆಂದೋ ಊರು ಎಣಿಸಿತ್ತು. ಕಾಕಾ ಕಾಕಿಯನ್ನು ಕರೆದುಕೊಂಡು ಬೈಲಹೊಂಗಲದ ಸರಾಫಕಟ್ಟೆಗೆ ಹೋದರು. ೧೯೭೮ರ ಪಾಟಲಿಗಳ ತೂಕಕ್ಕೆ ಆ ಹಣ ಸಾಲುವಂತಿರಲಿಲ್ಲ. ತೆಳುವಾದ ಒಂದು ಜೊತೆ ಬಂದವು. ಕಾಕಿ ಅವನ್ನು ತಿರುವಿ ನೋಡಿ, ಮೊದಲಿನವು ದಪ್ಪ ಇದ್ದವು ಎಂದಳು. ಹೌದೆಂದು ಕಾಕಾ ಒಪ್ಪಿಕೊಂಡರು.

ಅವರ ಅಂತಿಮ ಯಾತ್ರೆಯ ದಿನ ಸುರಿಯುವ ಮಳೆ. ಮಾಜಿ ಸೈನಿಕರು ಹಳೆಯ ಪದಕಗಳನ್ನು ಧರಿಸಿ ಬಂದು ಗೌರವ ಸಲ್ಲಿಸಿದರು. ಕ್ರಿಯಾಸಮಾಧಿಗೆ ನಮ್ಮ ಹೊಲದಲ್ಲಿ ಕುಣಿ ತೋಡಿದವರು ಕೇರಿಯ ಹುಡುಗರು. ಯಾರೂ ಅವರನ್ನು ಕರೆದಿರಲಿಲ್ಲ. ಅವರಲ್ಲಿಬ್ಬರು ಸೈನ್ಯದ ಭರ್ತಿಗಾಗಿ ಕಾಕಾ ಅವರ ಬಳಿ ಓಟ ಕಲಿತವರು.

ಕಬ್ಬಿಣದ ಟ್ರಂಕಿನಲ್ಲಿ ಕಾಗದಪತ್ರಗಳೆಲ್ಲ ಅಂಕಿ ಹಾಕಿ ಜೋಡಿಸಿಟ್ಟಿದ್ದವು. ಕಾಕಿಯ ಹೆಸರು ಎಲ್ಲದರಲ್ಲಿಯೂ ಒಂದೇ ಬಗೆಯಾಗಿದ್ದುದರಿಂದ ಕುಟುಂಬ ಪಿಂಚಣಿ ತೊಡಕಿಲ್ಲದೆ ಆರಂಭವಾಯಿತು. ಪ್ರತಿ ನವೆಂಬರದಲ್ಲಿ ಬದುಕಿರುವ ದಾಖಲೆ ಕೊಡಲು ಆಕೆ ಬ್ಯಾಂಕಿಗೆ ಹೋಗಬೇಕು. ಜೊತೆಗೆ ಬರುತ್ತೇವೆಂದರೆ ಒಲ್ಲೆನೆನ್ನುತ್ತಾಳೆ. ಬಸ್ಸಿನಲ್ಲಿ ಒಬ್ಬಳೇ ಹೋಗುತ್ತಾಳೆ. ಕಳೆದ ಬಾರಿ ಹೋದವಳು ಸಂಜೆಯಾದರೂ ಬರಲಿಲ್ಲವೆಂದು ನಾವು ಗಾಬರಿಯಾಗಿದ್ದೆವು. ದೀಪ ಹಚ್ಚುವ ಹೊತ್ತಿಗೆ ಬಂದು, ಪಾಳಿಯಲ್ಲಿ ನಿಂತು ಕಾಲು ಸೆಳೆದವೆಂದು ಬ್ಯಾಂಕಿನವರನ್ನು ಬೈದು, ಸೆರಗಿನ ಗಂಟಿನಿಂದ ಮಡಚಿದ ಕಾಗದವೊಂದನ್ನು ತೆಗೆದಳು. ಪಾಳಿಯಲ್ಲಿ ಹಿಂದೆ ನಿಂತಿದ್ದ ಯಾರೋ ಹೆಣ್ಣುಮಗಳದು. ಗಂಡ ಪಲ್ಟನ್ನಿನಲ್ಲಿದ್ದನಂತೆ, ಎರಡು ಕಡೆ ಹೆಸರು ಬೇರೆಯಾಗಿದೆಯಂತೆ. "ಚಾಳೀಸು ಎಲ್ಲಿ ಐತಿ ನೋಡ್ರಿ" ಎನ್ನುತ್ತ ಕಾಕಿ ಟ್ರಂಕಿನ ಮುಂದೆ ಕುಳಿತಳು.