ಎತ್ತಿ ಎಳೆಯುವ ಬಾಗಿಲು

ಸಾಗರದ ಆ ಮನೆಯ ಹಿತ್ತಿಲ ಬಾಗಿಲು ಮಳೆಗಾಲದಲ್ಲಿ ಹೊಸಬರ ಕೈಗೆ ಒಲಿಯುವುದಿಲ್ಲ. ನೀರು ಕುಡಿದ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ. ಹಿಡಿಯನ್ನು ತುಸು ಮೇಲೆತ್ತಿ ಎಳೆಯಬೇಕೆಂಬ ಗುಟ್ಟು ಮನೆಯಾಕೆಗೆ ಗೊತ್ತು. ಬಾಗಿಲಿನ ಮೇಲೆ ಆಕೆಗೆ ಸಿಟ್ಟೇನೂ ಇಲ್ಲ.

ಆಕೆಯ ಮಗ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ರಜೆಗೆಂದು ಬಂದವನು ಮೂರು ದಿನ ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ತಾನೇ ಕಟ್ಟುತ್ತಿದ್ದ ಪುಟ್ಟ ಆಪರೇಟಿಂಗ್ ಸಿಸ್ಟಂಗೆ ಪೆನ್‌ಡ್ರೈವ್ ಓದುವ ಡ್ರೈವರ್ ಬರೆಯುವುದು ಅವನ ಪ್ರಾಜೆಕ್ಟು. ಡ್ರೈವರ್ ಎಂದರೆ ಇಲ್ಲಿ ಗಾಡಿ ಓಡಿಸುವವನಲ್ಲ. ಆಪರೇಟಿಂಗ್ ಸಿಸ್ಟಂಗೂ ಸಾಧನಕ್ಕೂ ನಡುವೆ ಮಾತು ದಾಟಿಸುವ ದುಭಾಷಿ. ಎರಡು ಪೆನ್‌ಡ್ರೈವ್‌ಗಳು ಸಲೀಸಾಗಿ ಮಾತಾಡಿದವು. ಮೂರನೆಯದನ್ನು ಸಿಕ್ಕಿಸಿದರೆ ಎಲ್ಲವೂ ಸ್ತಬ್ಧ.

“ಪುಸ್ತಕದಲ್ಲಿ ಇರೋ ಹಾಗೇ ಮಾಡಿದೀಯೇನೋ? ಎಲ್ಲೋ ನಿಂದೇ ತಪ್ಪಿರುತ್ತೆ, ನೋಡು” ಎಂದರು ನಿವೃತ್ತ ಮೇಷ್ಟ್ರಾದ ಅಪ್ಪ. ಹುಡುಗನೂ ಹಾಗೆಯೇ ನಂಬಿದ್ದ. ನಿಯಮಾವಳಿಯನ್ನು ಎರಡು ಸಲ ಓದಿದ. ಮೂರನೆಯ ರಾತ್ರಿ ತಟ್ಟೆಯ ಮುಂದೆ ಕೂತು, “ಈ ವಿದ್ಯೆ ನಂಗೆ ಹತ್ತಲ್ಲ ಅಮ್ಮ” ಎಂದ.

ಕಂಪ್ಯೂಟರಿನ ಗಂಧಗಾಳಿ ಇಲ್ಲದ ಅಮ್ಮ ಕೇಳಿದ್ದು ಒಂದೇ ಮಾತು: “ಅದು ಎಲ್ಲಿ ಬಂದು ಸಿಕ್ಕಿಹಾಕಿಕೊಳ್ಳುತ್ತೆ ಅಂತ ನೋಡಿದ್ಯಾ?”

ನೋಡಿರಲಿಲ್ಲ. ನೋಡಿದಾಗ, ಕಟ್ಟಕಡೆಯ ಬ್ಲಾಕ್ ಓದುವಲ್ಲಿ ನಿಲ್ಲುತ್ತಿತ್ತು. ಅದರ ಹಿಂದಿನದರವರೆಗೆ ತಕರಾರಿರಲಿಲ್ಲ.

ಬೀದಿಯೊಂದರಲ್ಲಿ ಹತ್ತು ಮನೆಗಳಿವೆ, ಸಂಖ್ಯೆ ಸೊನ್ನೆಯಿಂದ ಶುರು ಎಂದಿಟ್ಟುಕೊಳ್ಳಿ. ಕೊನೆಯ ಮನೆಯ ಸಂಖ್ಯೆ ಎಷ್ಟೆಂದರೆ 9 ಎನ್ನಬೇಕು. ಪೆನ್‌ಡ್ರೈವ್‌ನ ಬ್ಲಾಕ್‌ಗಳ ಲೆಕ್ಕವೂ ಹೀಗೆಯೇ. ನಿಯಮದ ಪ್ರಕಾರ ಅದು ಹೇಳಬೇಕಾದದ್ದು ಕೊನೆಯ ಬ್ಲಾಕಿನ ಸಂಖ್ಯೆಯನ್ನು. ಕೆಲವು ಸಾಧನಗಳು ತಪ್ಪಿ ಒಟ್ಟು ಸಂಖ್ಯೆಯನ್ನೇ, ಅಂದರೆ 10 ಎಂದು ಹೇಳಿಬಿಡುತ್ತವೆ. ನಂಬಿದ ಡ್ರೈವರ್ ಇಲ್ಲದ ಮನೆಯ ಬಾಗಿಲು ತಟ್ಟುತ್ತದೆ. ಕೆಲವು ಸಾಧನಗಳು ‘ಇಲ್ಲ’ ಎನ್ನುತ್ತವೆ. ಕೆಲವು ಮಾತೇ ನಿಲ್ಲಿಸುತ್ತವೆ.

ತಪ್ಪು ತನ್ನದಲ್ಲವೆಂದು ತಿಳಿದು ಹುಡುಗನ ಕಣ್ಣಲ್ಲಿ ನೀರು ಬಂತು. ಆ ಉತ್ಸಾಹದಲ್ಲಿ ಎಲ್ಲ ಪೆನ್‌ಡ್ರೈವ್‌ಗಳ ಉತ್ತರದಿಂದಲೂ ಒಂದನ್ನು ಕಳೆದುಬಿಟ್ಟ. ಮೂರೂ ನಡೆದವು! ಕಾಲೇಜಿನ ಗುರುಗಳಿಗೆ ಫೋನ್ ಮಾಡಿದರೆ ಅವರು ಕೇಳಿದರು: “ಸರಿಯಾಗಿ ಉತ್ತರ ಹೇಳಿದವು ಏನು ತಪ್ಪು ಮಾಡಿದ್ವು ಮಾರಾಯ? ಅವುಗಳ ಕೊನೆಯ ಬ್ಲಾಕ್ ಕಾಣದ ಹಾಗೆ ಮಾಡಿದೆಯಲ್ಲ!”

ದಾರಿ ಮೊದಲೇ ಇತ್ತು. ಪ್ರತಿ ಯುಎಸ್‌ಬಿ ಸಾಧನವೂ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಎರಡನ್ನೂ ಹೇಳಿಕೊಳ್ಳುತ್ತದೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಹೆಲ್ಸಿಂಕಿಯಲ್ಲಿ ಆರಂಭಿಸಿದ ಲಿನಕ್ಸ್‌ನಲ್ಲಿ, ವಿಚಿತ್ರ ಸ್ವಭಾವದ ಇಂಥ ಸಾಧನಗಳ ಪಟ್ಟಿಯೇ ಇದೆ. ಈ ತಯಾರಕರ ಈ ಮಾದರಿಯಾದರೆ ಒಂದನ್ನು ಕಳೆ, ಉಳಿದವನ್ನು ಮುಟ್ಟಬೇಡ ಎಂಬಂಥ ಸೂಚನೆಗಳು ಅಲ್ಲಿವೆ. ಮಾರಾಟವಾಗಿ ಯಾರ್‍ಯಾರದೋ ಜೇಬು ಸೇರಿದ ಸಾಧನವನ್ನು ತಿದ್ದಲಾಗದು. ಅದರೊಡನೆ ಬಾಳುವ ಬಗೆಯನ್ನು ಬರೆದಿಡಬಹುದು. ಮುಂದೆ ಓದುವವರು ‘ಇದೇಕೆ ಇಲ್ಲಿದೆ’ ಎಂದು ಅಳಿಸಿಹಾಕದಂತೆ ಪಕ್ಕದಲ್ಲಿ ಕಾರಣವನ್ನೂ ಬರೆಯುವುದು ಒಳ್ಳೆಯ ವಾಡಿಕೆ.

ಹುಡುಗ ಹಾಗೆಯೇ ಮಾಡಿದ. ವಿವರವನ್ನೆಲ್ಲ ಕೇಳಿದ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಒಬ್ಬ ಹುಡುಗ ಗಲಾಟೆ ಮಾಡಿದ್ದಕ್ಕೆ ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನಗಳು ನೆನಪಾದವೋ ಏನೋ. “ಮೊದಲೇ ನಿಂದೇ ತಪ್ಪು ಅಂದುಬಿಟ್ಟೆ ಕಣೋ” ಎಂದಷ್ಟೇ ಹೇಳಿದರು. ಆ ಮನೆಯಲ್ಲಿ ಅಂಥ ಮಾತು ಹಿಂದೆ ಯಾರೂ ಕೇಳಿರಲಿಲ್ಲ.

ರಜೆ ಮುಗಿಸಿ ಹೊರಡುವ ಮುನ್ನ ಹುಡುಗ ಹಿತ್ತಿಲ ಬಾಗಿಲಿಗೆ ಒಂದು ಚೀಟಿ ಅಂಟಿಸಿದ: ‘ಮಳೆಗಾಲದಲ್ಲಿ ಮರ ಉಬ್ಬುತ್ತದೆ. ತುಸು ಎತ್ತಿ ಎಳೆಯಿರಿ.’

ಮುಂದಿನ ಬಾಗಿಲಿಗೆ ಏನನ್ನೂ ಅಂಟಿಸಲಿಲ್ಲ.