ಮರೆವು ಬೇರೆ, ಅರಿವು ಬೇರೆ
ಉಯಿಲು ಬರೆಸಲು ವಯಸ್ಸಾದವರು ಬಂದರೆ ನಾನು ಮೊದಲು ಜೊತೆಗೆ ಬಂದ ಮಕ್ಕಳನ್ನು ಹೊರಗೆ ಕೂರಿಸುತ್ತೇನೆ. ಒಬ್ಬ ಅಜ್ಜಿಗೆ ಅಂದು ಯಾವ ವಾರವೆಂದು ಗೊತ್ತಿರಲಿಲ್ಲ. "ಅಮ್ಮನಿಗೆ ಏನೂ ನೆನಪಿರಲ್ಲ ಸಾರ್, ನಾನೇ ಹೇಳ್ತೀನಿ" ಎಂದ ಮಗ. ಅವನನ್ನು ಕಳಿಸಿ, "ನಿಮ್ಮದು ಅಂತ ಏನೇನಿದೆಯಮ್ಮ?" ಎಂದೆ. ಎರಡು ಎಕರೆ ತೆಂಗಿನ ತೋಟ, ಒಂದು ಮನೆ ಎಂದರು.

"ಯಾರಿಗೆ ಕೊಡಬೇಕು?"

"ಮನೆ ಮಗಳಿಗೆ, ಗಂಡನ್ನ ಕಳಕೊಂಡವಳು. ಇವನಿಗೆ ತೋಟ ಸಾಕು."

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮು ನೋಡುವುದು ಇದನ್ನೇ: ಉಯಿಲು ಮಾಡುವ ಹೊತ್ತಿಗೆ ತಾನೇನು ಮಾಡುತ್ತಿದ್ದೇನೆಂಬ ಅರಿವಿದೆಯೇ? ಬುದ್ಧಿಭ್ರಮಣೆ ಇರುವವರೂ ಮನಸ್ಸು ತಿಳಿಯಾದ ಹೊತ್ತಿನಲ್ಲಿ ಉಯಿಲು ಮಾಡಬಹುದು. ವೈದ್ಯರ ಸರ್ಟಿಫಿಕೇಟು ಮುಂದೆ ಕೋರ್ಟಿನಲ್ಲಿ ನೆರವಾದೀತು. ಆದರೆ ವಾರ ಮರೆತವರಿಗೂ ತಮ್ಮ ಮಾತು ಇರುತ್ತದೆ. ಅದನ್ನು ಅವರ ಬಾಯಿಂದಲೇ ಕೇಳಬೇಕಾದವನು ವಕೀಲ.